ಬುಡದ ಕಪ್ಪು: ಕೊಳೆಯೋ, ಹಳೆಯ ಮಣ್ಣಿನ ಗೆರೆಯೋ

ಚಿಕ್ಕಮಗಳೂರಿನ ಹೊರವಲಯದ ನರ್ಸರಿಯೊಂದರಲ್ಲಿ ಬೋನ್ಸಾಯ್ ಮರಗಳ ಆರೈಕೆ ನನ್ನ ಹೊಣೆ. ಮೇ ತಿಂಗಳ ಕೊನೆಯಲ್ಲಿ, ಮುಂಗಾರು ಹಿಡಿಯುವ ಮೊದಲು, ಹಲವು ವರ್ಷಗಳಿಂದ ಒಂದೇ ಕುಂಡದಲ್ಲಿದ್ದ ಬಸರಿ ಮರವೊಂದರ ಬೇರು ಸವರಿ, ಹೊಸ ಮಣ್ಣು ತುಂಬಿ, ಬುಡದ ದಪ್ಪ ಬೇರುಗಳು ಕಾಣಲೆಂದು ಮೊದಲಿಗಿಂತ ಎರಡು ಬೆರಳಷ್ಟು ಮೇಲಕ್ಕೆ ಕೂರಿಸಿದೆ. ವಾರ ಕಳೆಯುವಷ್ಟರಲ್ಲಿ ಬೂದುಬಣ್ಣದ ಕಾಂಡದ ಬುಡದಲ್ಲಿ ಕಪ್ಪುಗಂದು ಪಟ್ಟಿಯೊಂದು ಕಣ್ಣಿಗೆ ಬಿತ್ತು. ಜತೆಗೆ ಏಳೆಂಟು ಎಲೆಗಳು ಹಳದಿಯಾಗಿ ಉದುರಿದ್ದವು.

ಕಾಫಿ, ಅಡಿಕೆ, ಮೆಣಸಿನ ನಡುವೆ ಬೆಳೆದವರಿಗೆ ಮಳೆಗಾಲದ ಕಪ್ಪು ಎಂದರೆ ಮೊದಲು ನೆನಪಾಗುವುದು ಕೊಳೆರೋಗವೇ. ನಾನೂ ಹಾಗೆಯೇ ತಿಳಿದು ಶೇಕಡಾ 1ರ ಬೋರ್ಡೋ ದ್ರಾವಣವನ್ನು ಬುಡಕ್ಕೆ ಬಳಿದೆ. ಅಷ್ಟು ಸಾಲದೆಂದು ಮರವನ್ನು ಕುಂಡದಿಂದ ಮತ್ತೆ ಎತ್ತಿ ಬೇರು ನೋಡಿದೆ. ಬೇರು ಗಟ್ಟಿಯಾಗಿಯೇ ಇತ್ತು, ಆದರೆ ಸವರಿದ ತುದಿಗಳಲ್ಲಿ ಆಗಷ್ಟೇ ಮೂಡಿದ್ದ ಬಿಳಿಯ ಎಳೆಬೇರುಗಳು ನನ್ನ ಕೈಯಲ್ಲೇ ಮುರಿದುಹೋದವು. ಮೈಲುತುತ್ತ ಮತ್ತು ಸುಣ್ಣದ ಆ ದ್ರಾವಣ ಒಣಗಿ ತಿಳಿನೀಲಿ ಪದರ ಕಟ್ಟಿದ್ದರಿಂದ, ಕಲೆ ಹರಡುತ್ತಿದೆಯೋ ನಿಂತಿದೆಯೋ ಎಂದು ನೋಡುವ ದಾರಿಯೂ ಮುಚ್ಚಿತು. ಮರ ಚೇತರಿಸಿಕೊಳ್ಳಲು ಇಡೀ ಮಳೆಗಾಲ ಹಿಡಿಯಿತು.

ಪಟ್ಟಿಯ ಅಗಲ ಸರಿಯಾಗಿ ಎರಡು ಬೆರಳು. ಅದರ ಮೇಲಂಚು ಹಳೆಯ ಕುಂಡದ ಮಣ್ಣಿನ ಮಟ್ಟದಲ್ಲಿ, ಕಾಂಡದ ಸುತ್ತಲೂ ಒಂದೇ ಸಮನಾಗಿತ್ತು. ಇದನ್ನು ನಾನು ಮೊದಲೇ ಗಮನಿಸಬೇಕಿತ್ತು. ವರ್ಷಗಟ್ಟಲೆ ಮಣ್ಣೊಳಗೆ ಒದ್ದೆಯಾಗಿದ್ದ ತೊಗಟೆ ಹೊರಬಂದ ತಕ್ಷಣ ಮೇಲಿನ ತೊಗಟೆಯಂತೆ ಕಾಣುವುದಿಲ್ಲ. ಗಾಳಿ ಬೆಳಕಿಗೆ ಒಗ್ಗಿ ಬಣ್ಣ ಕೂಡಲು ತಿಂಗಳುಗಳೇ ಬೇಕು. ಎಲೆ ಉದುರಿದ್ದು ಬೇರು ಸವರಿದ್ದರಿಂದ. ನಿಜವಾದ ಕೊಳೆ ಹೀಗೆ ಮಟ್ಟಗೋಲು ಹಿಡಿದು ಎಳೆದಂತೆ ಇರುವುದಿಲ್ಲ. ಅದು ಹೆಚ್ಚಾಗಿ ಒಂದು ಮಗ್ಗುಲಿನಲ್ಲಿ ನಾಲಗೆ ಚಾಚಿದಂತೆ ಮೇಲೇರುತ್ತದೆ, ಹೆಬ್ಬೆರಳಿನಿಂದ ಒತ್ತಿದರೆ ತೊಗಟೆ ಕುಸಿಯುತ್ತದೆ, ಮೂಗಿಗೆ ಹುಳಿ ವಾಸನೆ ತಟ್ಟುತ್ತದೆ.

ಮಳೆಯಲ್ಲಿ ನೆನೆದ ತೊಗಟೆಯ ಬಣ್ಣವನ್ನು ನಂಬುವಂತಿಲ್ಲವಾದ್ದರಿಂದ, ಈಗ ಮರವನ್ನು ಮಾಡಿನ ಕೆಳಗೆ ಒಂದು ದಿನ ಆರಲು ಬಿಟ್ಟು ಆಮೇಲೆ ನೋಡುತ್ತೇನೆ. ಮೃದುವಾದ ಬ್ರಷ್ಷಿನಿಂದ ಉಜ್ಜಿದಾಗ ಹೋಗುವ ಹಸಿರು ಬರೀ ಪಾಚಿ. ನಮ್ಮ ಮಲೆನಾಡಿನ ಮರಗಳ ಮೇಲೆ ಸಾಮಾನ್ಯವಾದ ಬೂದು ಕಲ್ಲುಹೂವಿನಿಂದಲೂ ಕೇಡಿಲ್ಲ. ಆ ನಂತರವೂ ಅನುಮಾನ ಉಳಿದರೆ ಕಲೆಯ ಅಂಚಿನಲ್ಲಿ ಉಗುರಿನಷ್ಟು ಜಾಗವನ್ನು ಮೆಲ್ಲಗೆ ಕೆರೆಯುತ್ತೇನೆ. ಆಲ, ಅತ್ತಿ, ಬಸರಿಗಳಲ್ಲಿ ಹಸಿರು ಪದರ ಕಂಡು ಹಾಲು ಒಸರಿದರೆ ಅಲ್ಲಿ ಜೀವವಿದೆ. ಕಲೆಯ ಅಂಚಿಗೆ ಸಣ್ಣ ಗುರುತು ಹಾಕಿ ವಾರ ಕಾಯುವುದು ನನಗೆ ಇವೆಲ್ಲಕ್ಕಿಂತ ಕಷ್ಟದ ಕೆಲಸ, ಏಕೆಂದರೆ ಏನಾದರೂ ಮಾಡಬೇಕೆಂದು ಕೈ ತುಡಿಯುತ್ತಲೇ ಇರುತ್ತದೆ.

ಆಗಸ್ಟಿನಲ್ಲಿ ಆಲದ ಮರವೊಂದರ ಕಲೆ ಆ ಗುರುತನ್ನು ದಾಟಿತು. ಕೆರೆದಲ್ಲಿ ಕಂದು ಬಣ್ಣ, ಹಾಲಿಲ್ಲ. ಕುಂಡ ತೆಗೆದು ನೋಡಿದರೆ ತೂತಿನ ಮೇಲಿನ ಬಲೆಗೆ ಜೇಡಿ ಮೆತ್ತಿ ನೀರು ನಿಂತಿತ್ತು. ಸತ್ತ ತೊಗಟೆಯನ್ನು ಹಾಲು ಕಾಣುವವರೆಗೆ ಕೊರೆದು, ಕೊಳೆತ ಬೇರುಗಳನ್ನು ಕತ್ತರಿಸಿ, ಇಟ್ಟಿಗೆ ಚೂರು ಹೆಚ್ಚಿರುವ ಮಿಶ್ರಣದಲ್ಲಿ ನೆಟ್ಟೆ. ಆ ಮಗ್ಗುಲಿನ ಒಂದು ಕೊಂಬೆ ಒಣಗಿತು. ಗಾಯದ ಅಂಚಿನಲ್ಲಿ ಈಗ ಹೊಸ ತೊಗಟೆ ಉಬ್ಬುತ್ತಿದೆ.