ಕೊನೇ ವರ್ಷದಿಂದ ಹಿಂದಕ್ಕೆ: ಸಿನ್ಸಿನಾಟಿಯಲ್ಲಿ ಎನ್ವಿರಾನ್ಮೆಂಟಲ್ ಎಂಜಿನಿಯರಿಂಗ್ ಓದಿನ ಪ್ಲಾನ್

ವಿಟಿಯು ಕಾಲೇಜುಗಳಲ್ಲಿ ಓದುವ ನನ್ನ ಗೆಳತಿಯರಿಗೆ ಯಾವ ಸೆಮಿಸ್ಟರ್‌ಗೆ ಯಾವ ಸಬ್ಜೆಕ್ಟ್ ಅಂತ ಸ್ಕೀಮ್‌ನಲ್ಲೇ ಬರೆದಿರುತ್ತದೆ. ಕೆಲವು ಎಲೆಕ್ಟಿವ್ ಬಿಟ್ಟರೆ ಇಡೀ ಕ್ಲಾಸಿಗೆ ಒಂದೇ ಟೈಮ್‌ಟೇಬಲ್. ನಾನು ಓದುತ್ತಿರುವುದು ಅಮೆರಿಕದ ಒಹಾಯೋ ರಾಜ್ಯದ ಸಿನ್ಸಿನಾಟಿಯಲ್ಲಿ. ಇಲ್ಲಿ ಪ್ರತಿ ಸೆಮಿಸ್ಟರ್ ಯಾವ ಕೋರ್ಸ್ ತಗೋಬೇಕು, ಯಾವ ಹೊತ್ತಿನ ಕ್ಲಾಸಿಗೆ ಹೋಗಬೇಕು ಅನ್ನುವುದನ್ನು ನಾವೇ ಆರಿಸಿ ರಿಜಿಸ್ಟರ್ ಮಾಡಿಕೊಳ್ಳಬೇಕು. ಡಿಪಾರ್ಟ್‌ಮೆಂಟ್ ಒಂದು ಮಾದರಿ ಪಟ್ಟಿ ಕೊಡುತ್ತದೆ. ಕೇಳಿದ್ದಕ್ಕೆ ಉತ್ತರ ಹೇಳಲು ಅಡ್ವೈಸರ್ ಇರುತ್ತಾರೆ. ಆಯ್ಕೆ ಮಾತ್ರ ನಮ್ಮದು.

"ಇಷ್ಟೆಲ್ಲ ನೀನೇ ನೋಡ್ಕೋಬೇಕೇನಮ್ಮಾ?" ಅಂತ ಕೋಲಾರದಿಂದ ಅಪ್ಪ ಫೋನಿನಲ್ಲಿ ಕೇಳಿದ್ದರು. ಹೌದು, ನಾವೇ ನೋಡಿಕೊಳ್ಳಬೇಕು. ಊರಿನಿಂದ ಈ ಕೋರ್ಸಿಗೆ ಬರಬೇಕು ಅಂದುಕೊಂಡಿರುವ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಅದು ಹೇಗೆ ಅಂತ ಹೇಳೋಣ ಅನಿಸಿತು.

ಮೊದಲು ಲೆಕ್ಕ ಹೇಳಿ ಮುಗಿಸುತ್ತೇನೆ. ಡಿಗ್ರಿಗೆ ಸಾಮಾನ್ಯವಾಗಿ 120ರಿಂದ 130 ಕ್ರೆಡಿಟ್ (ಪ್ರತಿ ಕೋರ್ಸಿಗೂ ಇಷ್ಟು ಅಂತ ಇರುವ ಅಂಕಿ) ಬೇಕು. ನಾಲ್ಕು ವರ್ಷಕ್ಕೆ ಹಂಚಿದರೆ ಸೆಮಿಸ್ಟರ್‌ಗೆ 15–16 ಬರುತ್ತದೆ. ಎಫ್-1 ಅಂದರೆ ವಿದ್ಯಾರ್ಥಿ ವೀಸಾದಲ್ಲಿರುವವರು ಫಾಲ್ (ಆಗಸ್ಟ್‌ನಿಂದ) ಮತ್ತು ಸ್ಪ್ರಿಂಗ್ (ಜನವರಿಯಿಂದ) ಸೆಮಿಸ್ಟರ್‌ಗಳಲ್ಲಿ 12ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಆ 12ರೊಳಗೆ ಆನ್‌ಲೈನ್ ಕೋರ್ಸ್ ಒಂದನ್ನು ಮಾತ್ರ ಎಣಿಸುತ್ತಾರೆ. ಕಾಲೇಜು ಆರಿಸುವಾಗ ಆ ಡಿಗ್ರಿಗೆ ಅಬೆಟ್ (ಎಂಜಿನಿಯರಿಂಗ್ ಡಿಗ್ರಿಗಳ ಗುಣಮಟ್ಟ ನೋಡುವ ಸಂಸ್ಥೆ) ಮಾನ್ಯತೆ ಇದೆಯಾ ಅಂತ ನೋಡಲೇಬೇಕು. ಗಣಿತ ಮತ್ತು ವಿಜ್ಞಾನ ಸೇರಿ ಕನಿಷ್ಠ 30 ಕ್ರೆಡಿಟ್, ಎಂಜಿನಿಯರಿಂಗ್ ವಿಷಯಗಳಲ್ಲಿ ಕನಿಷ್ಠ 45 ಇರಬೇಕು ಅನ್ನುವುದು ಅದರ ನಿಯಮ. ಮುಂದೆ ಇಲ್ಲಿ ಪಿಇ (ಪ್ರೊಫೆಷನಲ್ ಎಂಜಿನಿಯರ್) ಲೈಸೆನ್ಸ್ ತಗೋಬೇಕು ಅನ್ನುವವರಿಗೆ ಈ ಮಾನ್ಯತೆ ಬಹಳ ಮುಖ್ಯ. ಆ ದಾರಿಯ ಮೊದಲ ಪರೀಕ್ಷೆ ಎಫ್‌ಇ (ಫಂಡಮೆಂಟಲ್ಸ್ ಆಫ್ ಎಂಜಿನಿಯರಿಂಗ್). 110 ಪ್ರಶ್ನೆಗಳ ಆ ಪರೀಕ್ಷೆಯನ್ನು ಜಾಸ್ತಿ ಜನ ಕೊನೇ ವರ್ಷದಲ್ಲೇ ಬರೆಯುತ್ತಾರೆ.

ಆದರೆ ಕ್ರೆಡಿಟ್ ಕೂಡಿಸಿದರೆ ಪ್ಲಾನ್ ಆಗುವುದಿಲ್ಲ. ಯಾವ ಕೋರ್ಸಿಗೆ ಮೊದಲು ಯಾವ ಕೋರ್ಸ್ ಮುಗಿದಿರಬೇಕು ಅನ್ನುವುದರಲ್ಲಿ ಎಲ್ಲ ಇದೆ. ಇದಕ್ಕೆ ಇಲ್ಲಿ ಪ್ರಿರಿಕ್ವಿಸಿಟ್ ಅನ್ನುತ್ತಾರೆ. ಅದು ಮುಗಿಯದಿದ್ದರೆ ಕಂಪ್ಯೂಟರ್ ರಿಜಿಸ್ಟರ್ ಮಾಡಲು ಬಿಡುವುದಿಲ್ಲ. ಆದ್ದರಿಂದ ನಾನು ಎಲ್ಲರಿಗೂ ಹೇಳುವುದು ಒಂದೇ: ಪಟ್ಟಿಯನ್ನು ಕೊನೇ ವರ್ಷದಿಂದ ಹಿಂದಕ್ಕೆ ಓದಿ.

ಕೊನೇ ವರ್ಷ ಡಿಸೈನ್ ಪ್ರಾಜೆಕ್ಟ್ ಇರುತ್ತದೆ. ಒಂದು ಊರಿನ ಕೊಳಚೆ ನೀರು ಶುದ್ಧ ಮಾಡುವ ಘಟಕವನ್ನು ತಂಡವಾಗಿ ಕೂತು ವಿನ್ಯಾಸ ಮಾಡಬೇಕಾಗಬಹುದು. ಅದಕ್ಕೆ ಮೊದಲು ನೀರು ಶುದ್ಧೀಕರಣದ ಕೋರ್ಸ್ ಆಗಿರಬೇಕು. ಅದಕ್ಕೆ ಮೊದಲು ಫ್ಲೂಯಿಡ್ ಮೆಕ್ಯಾನಿಕ್ಸ್. ಅದಕ್ಕೆ ಮೊದಲು ಸ್ಟಾಟಿಕ್ಸ್ ಮತ್ತು ಮೇಲಿನ ಹಂತದ ಗಣಿತ. ಅದಕ್ಕೂ ಮೊದಲು ಫಿಸಿಕ್ಸ್ ಮತ್ತು ಕ್ಯಾಲ್ಕುಲಸ್. ಹೀಗೆ ಇಳಿಯುತ್ತಾ ಹೋದರೆ ಮೊದಲ ಸೆಮಿಸ್ಟರ್‌ನ ಕ್ಯಾಲ್ಕುಲಸ್-1 ಕೋರ್ಸಿಗೆ ಬಂದು ನಿಲ್ಲುತ್ತೇವೆ. ಮೇಲಿನ ಹಂತದ ಕೋರ್ಸ್‌ಗಳನ್ನು ಎಷ್ಟೋ ಕಡೆ ವರ್ಷಕ್ಕೆ ಒಂದೇ ಸಲ ನಡೆಸುತ್ತಾರೆ, ಫಾಲ್‌ನಲ್ಲಿ ಅಥವಾ ಸ್ಪ್ರಿಂಗ್‌ನಲ್ಲಿ. ಮೊದಲ ವರ್ಷ ಒಂದು ಸೆಮಿಸ್ಟರ್ ಹಿಂದೆ ಬಿದ್ದರೆ ಕೊನೆಯಲ್ಲಿ ಪೂರ್ತಿ ಒಂದು ವರ್ಷ ಹಿಂದೆ ಬೀಳಬಹುದು. ಆ ವರ್ಷದ ಫೀಸು, ಬಾಡಿಗೆ ಎಲ್ಲ ಊರಿನಿಂದಲೇ ಬರಬೇಕು ಅಲ್ವಾ?

ಇನ್ನೊಂದು ಸರಪಳಿ ಕೆಮಿಸ್ಟ್ರಿಯದು. ಜನರಲ್ ಕೆಮಿಸ್ಟ್ರಿ ಎರಡು ಸೆಮಿಸ್ಟರ್, ಆಮೇಲೆ ಎನ್ವಿರಾನ್ಮೆಂಟಲ್ ಕೆಮಿಸ್ಟ್ರಿ. ಪಕ್ಕದಲ್ಲೇ ಬಯಾಲಜಿ, ಅದರ ಮೇಲೆ ಮೈಕ್ರೋಬಯಾಲಜಿ. ಸಿವಿಲ್‌ನವರಿಗೆ ಇಷ್ಟು ಕೆಮಿಸ್ಟ್ರಿ, ಬಯಾಲಜಿ ಬೇಕಿಲ್ಲ. ನಮಗೆ ಬೇಕು. ಪಿಯುಸಿಯಲ್ಲಿ ಬಯಾಲಜಿ ಬಿಟ್ಟು ಕಂಪ್ಯೂಟರ್ ಸೈನ್ಸ್ ತಗೊಂಡು ಬಂದವರು ಇದನ್ನು ಮೊದಲೇ ತಿಳಿದಿರಲಿ. ಲ್ಯಾಬ್ ಇರುವ ಮೂರು ಕೋರ್ಸ್ ಒಂದೇ ಸೆಮಿಸ್ಟರ್‌ನಲ್ಲಿ ಹಾಕಿಕೊಳ್ಳಬೇಡಿ. ಪ್ರತಿ ವಾರ ರಿಪೋರ್ಟ್ ಬರೆಯುವುದರಲ್ಲೇ ದಿನ ಕಳೆದುಹೋಗುತ್ತದೆ.

"ಡಿಫರೆನ್ಷಿಯಲ್ ಈಕ್ವೇಷನ್ಸ್ ಸುಮ್ನೆ ಪಾಸಾದರೆ ಸಾಕಾ?" ಅಂತ ಜೂನಿಯರ್‌ಗಳು ಕೇಳುತ್ತಾರೆ. ಸಾಲದು. ಅದಕ್ಕೆ ಈ ಊರಿನ ನದಿಯೇ ಉತ್ತರ. ಒಹಾಯೋ ನದಿಯ ಮಾಲಿನ್ಯವನ್ನು ಅಭ್ಯಾಸ ಮಾಡಿ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಎಂಬಿಬ್ಬರು 1925ರಲ್ಲಿ ಒಂದು ಸಮೀಕರಣ ಕೊಟ್ಟರು. ಚರಂಡಿ ನೀರು ನದಿಗೆ ಬಿದ್ದ ಕೂಡಲೇ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿನ್ನುತ್ತಾ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸುತ್ತವೆ. ಅದೇ ಹೊತ್ತಿಗೆ ಮೇಲಿನ ಗಾಳಿಯಿಂದ ಹೊಸ ಆಮ್ಲಜನಕ ನೀರಿಗೆ ಇಳಿಯುತ್ತಿರುತ್ತದೆ. ಒಂದು ಕಡೆ ಖರ್ಚು, ಇನ್ನೊಂದು ಕಡೆ ಜಮೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. ಕೊಳಚೆ ಬಿದ್ದ ಜಾಗದಿಂದ ಕೆಳಕ್ಕೆ ಹೋದ ಹಾಗೆ ಇದು ಇಳಿಯುತ್ತಾ ಹೋಗಿ, ಒಂದು ಕಡೆ ತೀರಾ ಕಡಿಮೆಯಾಗಿ, ಆಮೇಲೆ ಮತ್ತೆ ಏರುತ್ತದೆ. ಮೀನು ಸಾಯುವುದು ಆ ತಗ್ಗಿನಲ್ಲಿ. ಅದು ಎಷ್ಟು ಮೈಲಿ ಕೆಳಗೆ ಬರುತ್ತದೆ, ಅಲ್ಲಿ ಆಮ್ಲಜನಕ ಎಷ್ಟಕ್ಕೆ ಇಳಿಯುತ್ತದೆ ಅನ್ನುವುದನ್ನು ಆ ಸಮೀಕರಣ ಹೇಳುತ್ತದೆ. ಎರಡನೇ ವರ್ಷ ಗಣಿತದ ಕ್ಲಾಸಿನಲ್ಲಿ ಕಲಿಯುವ ಫಸ್ಟ್ ಆರ್ಡರ್ ಸಮೀಕರಣವೇ ಅದು, ಬೇರೆ ಏನೂ ಅಲ್ಲ. ಅಲ್ಲಿ ಗಟ್ಟಿಯಾಗಿ ಕಲಿತವರು ಮೂರನೇ ವರ್ಷ ನದಿಯ ಬಗ್ಗೆ ಯೋಚನೆ ಮಾಡುತ್ತಾರೆ. ಕಲಿಯದವರು ಆಗಲೂ ಗಣಿತದ ಜೊತೆಗೇ ಗುದ್ದಾಡುತ್ತಿರುತ್ತಾರೆ.

ಮಾಲಿನ್ಯ ನೀರು, ಗಾಳಿ, ಮಣ್ಣಿನಲ್ಲಿ ಹೇಗೆ ಸಾಗುತ್ತದೆ, ಏನಾಗಿ ಬದಲಾಗುತ್ತದೆ ಅಂತ ಕಲಿಸುವ ಕೋರ್ಸಿಗೆ ಫೇಟ್ ಅಂಡ್ ಟ್ರಾನ್ಸ್‌ಪೋರ್ಟ್ ಅಂತ ಹೆಸರು. ಇಡೀ ಡಿಗ್ರಿಯಲ್ಲಿ ನನಗೆ ತುಂಬಾ ಇಷ್ಟವಾದ ಕೋರ್ಸ್ ಇದು. 2014ರ ಜನವರಿಯಲ್ಲಿ ವೆಸ್ಟ್ ವರ್ಜೀನಿಯಾದ ಚಾರ್ಲ್ಸ್‌ಟನ್‌ನಲ್ಲಿ ಕಲ್ಲಿದ್ದಲು ತೊಳೆಯಲು ಬಳಸುವ ರಾಸಾಯನಿಕವೊಂದು ಟ್ಯಾಂಕಿನಿಂದ ಸೋರಿ ಎಲ್ಕ್ ನದಿಗೆ ಬಿತ್ತು. ಸುಮಾರು 3 ಲಕ್ಷ ಜನರಿಗೆ ನಲ್ಲಿ ನೀರು ಮುಟ್ಟಬೇಡಿ ಅಂತ ಹೇಳಬೇಕಾಯಿತು. ಎಲ್ಕ್‌ನಿಂದ ಕನಾವಾ ನದಿಗೆ, ಅಲ್ಲಿಂದ ಒಹಾಯೋಗೆ ಅದು ಹರಿದು ಬಂತು. ಸಿನ್ಸಿನಾಟಿಯ ನೀರು ಸರಬರಾಜಿನವರು ಅದು ಇಲ್ಲಿ ಹಾದುಹೋಗುವ ಹೊತ್ತಿಗೆ ನದಿಯಿಂದ ನೀರೆತ್ತುವುದನ್ನು ನಿಲ್ಲಿಸಿದರು. ಯಾವಾಗ ನಿಲ್ಲಿಸಬೇಕು, ಮತ್ತೆ ಯಾವಾಗ ಶುರು ಮಾಡಬೇಕು ಅಂತ ಲೆಕ್ಕ ಹಾಕುವುದು ಈ ವಿದ್ಯೆ. 2023ರಲ್ಲಿ ಒಹಾಯೋ ರಾಜ್ಯದ್ದೇ ಊರಾದ ಈಸ್ಟ್ ಪ್ಯಾಲೆಸ್ಟೀನ್‌ನಲ್ಲಿ ರಾಸಾಯನಿಕ ಹೊತ್ತ ರೈಲು ಹಳಿ ತಪ್ಪಿದಾಗಲೂ ಮುನ್ನೆಚ್ಚರಿಕೆಗಾಗಿ ಹಾಗೇ ಮಾಡಿದರು. ಇದನ್ನು ಎಲೆಕ್ಟಿವ್ ಆಗಿ ಇಟ್ಟಿರುವ ಕಾಲೇಜಿನಲ್ಲೂ ನೀವು ಬಿಡಬೇಡಿ.

ಸಿನ್ಸಿನಾಟಿಯಲ್ಲಿ ಪ್ಲಾನ್ ಮಾಡುವವರಿಗೆ ಇನ್ನೊಂದು ಗಂಟಿದೆ, ಅದು ಕೋ-ಆಪ್. ಒಂದು ಸೆಮಿಸ್ಟರ್ ಓದು, ಒಂದು ಸೆಮಿಸ್ಟರ್ ಕಂಪನಿಯಲ್ಲಿ ಸಂಬಳದ ಕೆಲಸ, ಹೀಗೆ ಸರದಿ ಮೇಲೆ ನಡೆಯುವ ಪದ್ಧತಿ. ಹರ್ಮನ್ ಶ್ನೈಡರ್ ಎಂಬ ಪ್ರಾಧ್ಯಾಪಕರು 1906ರಲ್ಲಿ ಇದನ್ನು ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲೇ ಶುರು ಮಾಡಿದರು. ಅನುಭವಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ನೀವು ಕೆಲಸದಲ್ಲಿರುವ ಸೆಮಿಸ್ಟರ್‌ನಲ್ಲೇ ಬೇಕಾದ ಕೋರ್ಸ್ ನಡೆದುಹೋದರೆ ಕಷ್ಟ. ನಮ್ಮಂಥವರಿಗೆ ವೀಸಾ ಲೆಕ್ಕವೂ ಇದೆ. ಈ ಕೆಲಸಕ್ಕೆ ಸಿಪಿಟಿ, ಅಂದರೆ ಓದಿನ ಭಾಗವಾಗಿ ಕೆಲಸ ಮಾಡುವ ಅನುಮತಿ ಬೇಕು. ಸಾಮಾನ್ಯವಾಗಿ ಒಂದು ಶೈಕ್ಷಣಿಕ ವರ್ಷ ಓದಿದ ಮೇಲೆಯೇ ಅದು ಸಿಗುತ್ತದೆ. ಪೂರ್ಣಾವಧಿ ಸಿಪಿಟಿ 12 ತಿಂಗಳು ಮುಟ್ಟಿದರೆ ಡಿಗ್ರಿ ಮುಗಿದ ಮೇಲೆ ಇಲ್ಲೇ ಕೆಲಸ ಮಾಡಲು ಸಿಗುವ ಒಪಿಟಿ ಅನುಮತಿ ಕೈ ತಪ್ಪುತ್ತದೆ. ಎಷ್ಟು ಸೆಮಿಸ್ಟರ್ ಕೆಲಸ ಮಾಡಬೇಕು ಅಂತ ಅಡ್ವೈಸರ್ ಹಾಗೂ ಇಂಟರ್‌ನ್ಯಾಷನಲ್ ಆಫೀಸ್ ಇಬ್ಬರನ್ನೂ ಮೊದಲ ವರ್ಷವೇ ಕೇಳಿ. ಒಬ್ಬರನ್ನೇ ಕೇಳಿದರೆ ಅರ್ಧ ಉತ್ತರ ಸಿಗುತ್ತದೆ.

ಎಲೆಕ್ಟಿವ್ ಆರಿಸುವಾಗ ಸುಲಭದ್ದು ಯಾವುದು ಅಂತ ಹುಡುಕುವವರೇ ಜಾಸ್ತಿ. ನಾನು ನಮ್ಮ ಕೋಲಾರವನ್ನು ಮುಂದಿಟ್ಟುಕೊಂಡು ಆರಿಸಿದೆ. ಸಾವಿರ ಅಡಿ ಕೊರೆದರೂ ನೀರು ಸಿಗದ ಬೋರ್‌ವೆಲ್, ಸಿಕ್ಕ ನೀರಿನಲ್ಲೂ ಫ್ಲೋರೈಡ್. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ (ಬ್ಯಾಕ್ಟೀರಿಯಾಗಳಿಂದ ಕೊಳೆ ತಿನ್ನಿಸುವ ಹಂತ) ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಬತ್ತಿದ್ದ ಕೆರೆ ತುಂಬಿದ್ದು ಕಂಡು ನಮ್ಮ ಮನೆಯವರು ಖುಷಿಪಟ್ಟಿದ್ದು ನಿಜ. ಉಳಿದ ಕಲ್ಮಶ ತೆಗೆಯುವ ಮೂರನೇ ಹಂತದ ಶುದ್ಧೀಕರಣವೂ ಬೇಕು ಅಂತ ಜನ ಕೇಳುತ್ತಿರುವುದೂ ನ್ಯಾಯವೇ. ಕೆರೆಯ ನೀರು ಇಂಗಿ ಅಂತರ್ಜಲ ಸೇರುವಾಗ ಅದರ ಜೊತೆ ಏನೇನು ಇಳಿಯುತ್ತದೆ? ಇದು ತಿಳಿಯಬೇಕು ಅಂತಲೇ ಗ್ರೌಂಡ್‌ವಾಟರ್ ಕೋರ್ಸ್ ಮತ್ತು ಹೆಚ್ಚುವರಿ ಮೈಕ್ರೋಬಯಾಲಜಿ ಹಾಕಿಕೊಂಡೆ. ನಿಮ್ಮ ಊರಿನ ತೊಂದರೆ ಗಾಳಿಯದಾದರೆ ಏರ್ ಕ್ವಾಲಿಟಿ ತಗೊಳ್ಳಿ. ಕಸದ್ದಾದರೆ ಸಾಲಿಡ್ ವೇಸ್ಟ್.

ಎಂಜಿನಿಯರಿಂಗ್ ಅಲ್ಲದ ಕೋರ್ಸ್‌ಗಳೂ ಒಂದಷ್ಟು ಕಡ್ಡಾಯ. ಅವುಗಳಲ್ಲಿ ಪರಿಸರ ಕಾನೂನು ಸಿಕ್ಕರೆ ಬಿಡಬೇಡಿ. ಕೊಳಚೆ ಘಟಕದಿಂದ ಹೊರಬರುವ ನೀರಿನಲ್ಲಿ ಬಿಒಡಿ (ಕೊಳೆ ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ತಿಂಗಳ ಸರಾಸರಿ ಲೀಟರಿಗೆ 30 ಮಿಲಿಗ್ರಾಂ ದಾಟಬಾರದು ಅನ್ನುವ ಮಿತಿ ಇಲ್ಲಿ 1972ರ ಕ್ಲೀನ್ ವಾಟರ್ ಆ್ಯಕ್ಟ್‌ನಿಂದ ಬಂದದ್ದು. ನಾವು ವಿನ್ಯಾಸ ಮಾಡುವ ಟ್ಯಾಂಕಿನ ಅಳತೆ ಆ ಅಂಕಿಯ ಮೇಲೆ ನಿಂತಿದೆ.

ಇನ್ನು ಈ ವರ್ಷ ಹೊರಡುವವರಿಗೆ. ಅನೇಕ ಕಡೆ ಮೊದಲ ರಿಜಿಸ್ಟ್ರೇಷನ್‌ಗೆ ಮುಂಚೆ ಗಣಿತದ ಪ್ಲೇಸ್‌ಮೆಂಟ್ ಟೆಸ್ಟ್ ಇರುತ್ತದೆ. ಊರಿನಲ್ಲಿರುವಾಗಲೇ ಆನ್‌ಲೈನಲ್ಲಿ ಬರೆಯುವಂಥದ್ದು. ಅದರಲ್ಲಿ ಅಂಕ ಕಡಿಮೆಯಾದರೆ ಕ್ಯಾಲ್ಕುಲಸ್‌ಗೂ ಕೆಳಗಿನ ಕೋರ್ಸಿನಿಂದ ಶುರು ಮಾಡಬೇಕಾಗುತ್ತದೆ, ಮೇಲೆ ಹೇಳಿದ ಸರಪಳಿ ಅಲ್ಲೇ ಒಂದು ಸೆಮಿಸ್ಟರ್ ಜಾರುತ್ತದೆ. ಸೆಕೆಂಡ್ ಪಿಯುಸಿಯ ಡೆರಿವೇಟಿವ್, ಇಂಟಿಗ್ರಲ್, ಡಿಫರೆನ್ಷಿಯಲ್ ಈಕ್ವೇಷನ್ ಓದಿದವರಿಗೆ ಆ ಟೆಸ್ಟ್ ಕಷ್ಟವೇನಲ್ಲ. ಸಿಇಟಿ ಮುಗಿಯಿತು ಅಂತ ಗಣಿತದ ಪುಸ್ತಕ ಯಾರಿಗೂ ಕೊಟ್ಟುಬಿಡಬೇಡಿ. ಆ ಟೆಸ್ಟ್ ಮುಗಿಯುವವರೆಗೂ ದಿನಾ ಸ್ವಲ್ಪ ಹೊತ್ತು ಅದರ ಲೆಕ್ಕಗಳನ್ನು ಮಾಡುತ್ತಿರಿ.