ಪಿಎಂಎಸ್‌ಎಫ್ ಬೆಳಿಗ್ಗೆಯೇ ಹಾಕಿಟ್ಟರೆ ಪ್ರಯೋಜನವಿಲ್ಲ

ಜೀವಂತ ಕೋಶದಲ್ಲಿ ಕ್ಯಾಥೆಪ್ಸಿನ್‌ನಂಥ ಪ್ರೋಟೀನ್ ಕತ್ತರಿಸುವ ಕಿಣ್ವಗಳು ಲೈಸೋಸೋಮಿನ ಚೀಲದೊಳಗೆ ಬಂಧಿಯಾಗಿರುತ್ತವೆ. ಕೋಶ ಒಡೆಯಲು ಬಳಸುವ ಲೈಸಿಸ್ ಬಫರ್‌ನ ಡಿಟರ್ಜೆಂಟ್ ಆ ಪೊರೆಯನ್ನೂ ಕರಗಿಸುತ್ತದೆ, ನಮಗೆ ಬೇಕಾದ ಪ್ರೋಟೀನು, ಅದನ್ನು ತುಂಡರಿಸುವ ಕಿಣ್ವ ಎರಡೂ ಒಂದೇ ಟ್ಯೂಬಿನಲ್ಲಿ ಸೇರುತ್ತವೆ. ಪ್ರೋಟೀನನ್ನು ಆಂಟಿಬಾಡಿಯಿಂದ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಮುಖ್ಯ ಬ್ಯಾಂಡ್‌ನ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಚಿಕ್ಕ ಬ್ಯಾಂಡ್‌ಗಳು ಕಂಡರೆ ಆಂಟಿಬಾಡಿಯನ್ನು ದೂರುವ ಮೊದಲು ಬಫರ್‌ಗೆ ಕಿಣ್ವ ತಡೆಯುವ ಇನ್ಹಿಬಿಟರ್ ಬಿದ್ದದ್ದು ಎಷ್ಟು ಹೊತ್ತಿಗೆ ಎಂದು ನೋಡಬೇಕು.

ಹೆಚ್ಚು ತಪ್ಪಾಗುವುದು ಪಿಎಂಎಸ್‌ಎಫ್ ಎಂಬ ಇನ್ಹಿಬಿಟರ್ ವಿಷಯದಲ್ಲಿ. ಪ್ರೋಟೀನ್ ಕತ್ತರಿಸುವ ಕಿಣ್ವಗಳಲ್ಲಿ (ಪ್ರೋಟಿಯೇಸ್) ಒಂದು ಗುಂಪಾದ ಸೆರಿನ್ ಪ್ರೋಟಿಯೇಸ್‌ಗಳ ಕ್ರಿಯಾಸ್ಥಾನದಲ್ಲಿರುವ ಸೆರಿನ್ ಅಮೈನೋ ಆಮ್ಲಕ್ಕೆ ಇದು ಕೋವೇಲೆಂಟ್ ಬಂಧದಿಂದ ಅಂಟಿಕೊಳ್ಳುತ್ತದೆ, ಅಂಟಿದ ಕಿಣ್ವ ಮತ್ತೆ ಕೆಲಸಕ್ಕೆ ಬಾರದು. ಆದರೆ ನೀರೂ ಪಿಎಂಎಸ್‌ಎಫ್‌ ಅನ್ನು ಒಡೆಯುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಅರ್ಧಾಯುಷ್ಯ ಪಿಹೆಚ್ 7ರಲ್ಲಿ ಸುಮಾರು 110 ನಿಮಿಷ, 7.5ರಲ್ಲಿ 55, ಪಿಹೆಚ್ 8ರಲ್ಲಿ ಬರೀ 35. ಅಂದರೆ ಪಿಹೆಚ್ 8ರ ಬಫರ್‌ಗೆ ಹಾಕಿ ಮೇಜಿನ ಮೇಲೆ ಎರಡು ಗಂಟೆ ಬಿಟ್ಟರೆ ಹತ್ತರಲ್ಲಿ ಒಂದು ಪಾಲೂ ಉಳಿಯದು. ಮಂಜುಗಡ್ಡೆಯ ಮೇಲಿಟ್ಟರೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ಪಿಎಂಎಸ್‌ಎಫ್ ಸ್ಟಾಕ್ (ಗಾಢ ದ್ರಾವಣ) ಮಾಡುವಾಗ ಅದರ 17.4 ಮಿಲಿಗ್ರಾಂ ಅನ್ನು ನೀರಿನಂಶವಿಲ್ಲದ 1 ಮಿಲಿಲೀಟರ್ ಐಸೋಪ್ರೊಪನಾಲ್‌ನಲ್ಲಿ ಕರಗಿಸಿದರೆ 100 ಮಿಲಿಮೋಲಾರ್ ಸಿಗುತ್ತದೆ. ಇದು ವಿಷ, ಗ್ಲೌಸ್ ಹಾಕಿಯೇ ತೂಗಬೇಕು. ಮೈನಸ್ 20ರಿಂದ ತೆಗೆದಾಗ ತಳದಲ್ಲಿ ಹರಳು ಕಂಡರೆ ಕೋಣೆಯ ತಾಪಕ್ಕೆ ತಂದು, ಪೂರ್ತಿ ಕರಗುವವರೆಗೆ ವೋರ್ಟೆಕ್ಸ್ ಮಾಡಿ. ಮೇಲಿನ ದ್ರವವನ್ನಷ್ಟೇ ಎಳೆದರೆ ಡೋಸ್ ಕಡಿಮೆಯಾಗುತ್ತದೆ. 10 ಮಿಲಿಲೀಟರ್ ಬಫರ್‌ಗೆ 100 ಮೈಕ್ರೋಲೀಟರ್ ಹಾಕಿದರೆ 1 ಮಿಲಿಮೋಲಾರ್. ಕೋಶಗಳ ಮೇಲೆ ಬಫರ್ ಸುರಿಯುವ ಹೊತ್ತಿಗೇ, ಕಲಕುತ್ತಾ ಸೇರಿಸಿ. ತಣ್ಣನೆಯ ಬಫರ್‌ಗೆ ಒಮ್ಮೆಲೇ ಸುರಿದರೆ ಬಿಳಿಯಾಗಿ ಒತ್ತರಿಸುತ್ತದೆ, ಅಂದರೆ ಕರಗದೆ ಹೊರಬೀಳುತ್ತದೆ.

ಇದೊಂದೇ ಸಾಲದು, ಕತ್ತರಿಗಳ ಜಾತಿ ಬೇರೆ ಬೇರೆ. ಸಿಸ್ಟೀನ್ ಪ್ರೋಟಿಯೇಸ್‌ಗೆ ಇ-64 ಅನ್ನು 1ರಿಂದ 10 ಮೈಕ್ರೋಮೋಲಾರ್. ಇದೂ ಶಾಶ್ವತವಾಗಿ ಅಂಟುತ್ತದೆ. ಆಸ್ಪಾರ್ಟಿಕ್ ಪ್ರೋಟಿಯೇಸ್‌ಗೆ ಪೆಪ್‌ಸ್ಟ್ಯಾಟಿನ್ 1 ಮೈಕ್ರೋಮೋಲಾರ್. ನೀರಿನಲ್ಲಿ ಕರಗದ ಕಾರಣ ಸ್ಟಾಕ್ ಡಿಎಂಎಸ್‌ಒದಲ್ಲಿ. ಯೀಸ್ಟ್ ಕೆಲಸದಲ್ಲಿ ಇದನ್ನು ಬಿಡುವುದು ನನ್ನ ಪ್ರಕಾರ ದೊಡ್ಡ ತಪ್ಪು, ಏಕೆಂದರೆ ಅಲ್ಲಿನ ವ್ಯಾಕ್ಯೂಲಿನ ಪ್ರೋಟಿನೇಸ್ ಎ ಆಸ್ಪಾರ್ಟಿಕ್ ಗುಂಪಿನದು. ಲ್ಯುಪೆಪ್ಟಿನ್ ಸೆರಿನ್, ಸಿಸ್ಟೀನ್ ಎರಡೂ ಗುಂಪಿನ ಹಲವು ಕಿಣ್ವಗಳನ್ನು ಹಿಡಿಯುತ್ತದೆ, ಆದರೆ ಹಿಡಿತ ಸಡಿಲವಾಗಬಲ್ಲದು. ಸಣ್ಣ ಅಣುಗಳನ್ನು ಪೊರೆಯ ಮೂಲಕ ಹೊರಹಾಕುವ ಡಯಾಲಿಸಿಸ್ ಮಾಡಿದರೆ ಅದು ತೊಳೆದುಹೋಗಿ ಕಿಣ್ವ ಮತ್ತೆ ಎಚ್ಚರಗೊಳ್ಳುತ್ತದೆ. ಪೆಪ್‌ಸ್ಟ್ಯಾಟಿನ್‌ದೂ ಕೋವೇಲೆಂಟ್ ಬಂಧವಲ್ಲ. ಹಾಗಾಗಿ ಕಾಲಮ್ ಅಥವಾ ಡಯಾಲಿಸಿಸ್ ಆದ ಬಫರ್‌ಗೆ ಇವೆರಡನ್ನೂ ಹೊಸದಾಗಿ ಹಾಕಲೇಬೇಕು.

ಲೋಹ ಬೇಡುವ ಪ್ರೋಟಿಯೇಸ್‌ಗಳಿಗೆ ಲೋಹವನ್ನು ಹಿಡಿದಿಡುವ ಇಡಿಟಿಎ ಸಾಕು. ಆದರೆ ಮುಂದೆ ನಿಕಲ್ ಕಾಲಮ್ ಇದ್ದರೆ ಅದು ನಿಕಲ್ ಅನ್ನೇ ಕಿತ್ತುಕೊಂಡು ಹೋಗುತ್ತದೆ, ನೀಲಿ ರೆಸಿನ್ ಬಿಳುಚಿದರೆ ಕಾರಣ ಅದೇ. ಹಿಸ್-ಟ್ಯಾಗ್ (ನಿಕಲ್‌ಗೆ ಅಂಟುವ ಹಿಸ್ಟಿಡಿನ್ ಬಾಲ) ಕೆಲಸಕ್ಕೆ ಇಡಿಟಿಎ ಇಲ್ಲದ ಇನ್ಹಿಬಿಟರ್ ಮಿಶ್ರಣ (ಕಾಕ್‌ಟೇಲ್) ಆರಿಸಿ.

ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಹೋಗುವ ಮಾದರಿಯಲ್ಲಿ ಇನ್ನೊಂದು ಎಚ್ಚರಿಕೆ: ಅಲ್ಲಿ ಪ್ರೋಟೀನನ್ನು ಟ್ರಿಪ್ಸಿನ್ ಎಂಬ ಕಿಣ್ವವೇ ಕತ್ತರಿಸಬೇಕು, ಅದೂ ಸೆರಿನ್ ಪ್ರೋಟಿಯೇಸೇ, ಉಳಿದ ಇನ್ಹಿಬಿಟರ್ ಅದನ್ನೂ ತಡೆಯಬಹುದು. ಸಣ್ಣ ಅಣುಗಳಾದ ಇನ್ಹಿಬಿಟರ್‌ಗಳನ್ನು ತಣ್ಣನೆಯ ಅಸಿಟೋನ್‌ನಲ್ಲಿ ಪ್ರೋಟೀನು ಒತ್ತರಿಸಿ ತೊಳೆದುಬಿಡಬಹುದು. ಅಪ್ರೋಟಿನಿನ್ ಎಂಬ ಇನ್ಹಿಬಿಟರ್ ಹಾಗಲ್ಲ. 58 ಅಮೈನೋ ಆಮ್ಲಗಳ ಅದು ತಾನೇ ಪ್ರೋಟೀನು, ಒತ್ತರದ ಜೊತೆ ಉಳಿದು ಟ್ರಿಪ್ಸಿನ್‌ಗೆ ಬಿಗಿಯಾಗಿ ಕಚ್ಚಿಕೊಳ್ಳಬಹುದು. ಅಂಥ ಮಾದರಿಗೆ ಅದನ್ನು ಮೊದಲೇ ಹಾಕದಿರುವುದು ಒಳ್ಳೆಯದು.