ಬಿದನೂರಿಗೆ ಬಂದ ಹ್ಯಾಮ್ಲೆಟ್

ಇವತ್ತು ಹೊಸನಗರದ ಕಡೆ ಹೋಗಿದ್ದೆ. ಬಿದನೂರು ನಗರದ ಕೋಟೆ ಹತ್ತುವಾಗ ಜಿಟಿಜಿಟಿ ಮಳೆ. ಗೋಡೆ ತುಂಬ ಪಾಚಿ, ಕಲ್ಲಿನ ಸಂದಿಯಲ್ಲಿ ಪುಟ್ಟ ಜರಿಗಿಡ, ಅದರ ತುದಿಯಿಂದ ತೊಟತೊಟ ನೀರು.

ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದ ಕಥೆಯನ್ನು ಕುವೆಂಪು 1930ರ ದಶಕದಲ್ಲೇ ಇಲ್ಲಿಗೆ ತಂದಿದ್ದರು, ‘ರಕ್ತಾಕ್ಷಿ’ ಅನ್ನೋ ನಾಟಕವಾಗಿ. ಡೆನ್ಮಾರ್ಕಿನ ಅರಮನೆ ಹೋಗಿ ಕೆಳದಿ ಅರಸರ ಬಿದನೂರು ಬಂತು.

ಸುಮ್ನೆ ಹೆಸರು ಬದಲಾಯಿಸಿದ್ದಲ್ಲ. ಅಲ್ಲಿ ಹ್ಯಾಮ್ಲೆಟ್ ಪ್ರೀತಿಸಿದ ಹುಡುಗಿ ಒಫೀಲಿಯಾ ನೀರಲ್ಲಿ ಮುಳುಗಿ ಕಥೆಯಿಂದಲೇ ಜಾರಿಹೋಗುತ್ತಾಳೆ. ಅವಳ ಜಾಗದಲ್ಲಿ ಬರುವ ನಮ್ಮ ರುದ್ರಾಂಬೆ ಹಾಗಲ್ಲ, ಸೇಡಿಗೆ ನಿಂತೇಬಿಡುತ್ತಾಳೆ. ನಾಟಕದ ಹೆಸರಿನ ‘ರಕ್ತಾಕ್ಷಿ’ಯೂ ಅವಳೇ!

ನನಗಂತೂ ಇವಳೇ ಜಾಸ್ತಿ ಇಷ್ಟ. ಕೆಳದಿಯ ರಾಣಿ ಚೆನ್ನಮ್ಮ ಆಳಿದ ನೆಲಕ್ಕೆ ಬಂದ ಮೇಲೆ ಕಥೆಯ ಹೆಣ್ಣು ಸುಮ್ಮನಿರೋದು ಹೇಗೆ, ಅಲ್ವಾ?

ಶಿವಮೊಗ್ಗದಲ್ಲಿ ಯಾರಾದರೂ ಇದನ್ನು ಆಡಿದರೆ ಹೇಳಿ. ಮುಂದಿನ ಸಾಲಲ್ಲೇ ಕೂರುತ್ತೇನೆ.